ಅಕ್ಕನ ಊರಿನ ಗಾಳಿ

ಗಲ್ಫಿನ ರುವೈಸ್‌ನಲ್ಲಿ ಕುಳಿತು ನಾನು ದಿನಾ ಬೆಳಿಗ್ಗೆ ಎದ್ದೊಡನೆ ನೋಡುವುದು ಇಂಗ್ಲೆಂಡಿನ ಒಂದು ಹಳ್ಳಿಯ ಗಾಳಿಯನ್ನು. ಒಂದು ಚರ್ಚು, ಒಂದು ಪಬ್ಬು, ಒಂದು ಬಸ್ ನಿಲ್ದಾಣ ಇಷ್ಟೇ ಇರುವ ಆ ಊರಿಗೆ ನಾನು ಹೋದವನಲ್ಲ. ಆದರೂ ಇವತ್ತು ಸಂಜೆ ಅಲ್ಲಿ ಗಾಳಿ ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬೀಸಲಿದೆ ಎಂದು ಕೇಳಿದರೆ ಥಟ್ಟನೆ ಹೇಳಬಲ್ಲೆ. ಕೇಳುವವರಿಲ್ಲ, ಅಷ್ಟೇ.

ನನ್ನ ಅಕ್ಕ ಆ ಹಳ್ಳಿಯಲ್ಲಿದ್ದಾಳೆ. ಮೂರು ಮೈಲಿ ಆಚೆಯ ವೃದ್ಧಾಶ್ರಮದಲ್ಲಿ ನರ್ಸು. ಹೋಗಿಬರುವುದು ಸೈಕಲ್ಲಿನಲ್ಲಿ. ದಾರಿಯೆಲ್ಲ ಬಯಲು, ಗಾಳಿ ಜೋರಾದರೆ ಪೆಡಲು ತುಳಿಯಲಾಗದು, ಆ ದಿನ ಬಸ್ಸು. ಬಸ್ಸು ಊರೂರು ಸುತ್ತಿ ಬರುವ ಅರ್ಧ ಗಂಟೆ ಅವಳಿಗೆ ಬಿಡುವು, ಆಗ ನನಗೆ ಫೋನ್. ಮನೆ ಸೇರಿದರೆ ಮಕ್ಕಳು, ಅಡುಗೆ. "ನಾನೇ ಮಾಡ್ತೇನೆ ಮಾರಾಯ, ನೀನು ಮಾಡಿದ್ರೆ ಈ ಮಕ್ಕಳ ಗಲಾಟೆಯಲ್ಲಿ ಎಂತ ಕೇಳುದಿಲ್ಲ" ಎಂದಿದ್ದಳು. ವಿಷಯವಿಲ್ಲದೆ ಫೋನ್ ಮಾಡುವ ರೂಢಿಯೂ ನಮ್ಮ ಮನೆಯಲ್ಲಿಲ್ಲ.

ದಿನಚರಿಯ ಚಟವಿರುವ ನಾನು ತಾರೀಖಿನ ಪಕ್ಕ ಅಲ್ಲಿಯ ಗಾಳಿಯ ವೇಗ, ಅದರ ಪಕ್ಕ ಫೋನ್ ಬಂತೋ ಇಲ್ಲವೋ ಎಂದು ಗುರುತು ಹಾಕುತ್ತೇನೆ. ಗಂಟೆಗೆ ಇಪ್ಪತ್ತು ಮೈಲಿ ದಾಟಿದರೆ ಮಾತು ಖಚಿತ. ಹದಿನೈದರ ಆಸುಪಾಸು ಅನುಮಾನ. ಅದು ಅಕ್ಕನ ಮೊಣಕಾಲಿಗೆ ಬಿಟ್ಟದ್ದು. ಒಡಹುಟ್ಟಿದವಳ ಊರಿಗೆ ಬಿರುಗಾಳಿ ಬರಲೆಂದು ಹಾರೈಸುವ ತಮ್ಮ ಇನ್ನೊಬ್ಬ ಇರಲಾರ.

ಗಾಳಿಗೆ ದರ್ಜೆ ಹಚ್ಚಿದವರು ಹಾಯಿಹಡಗಿನ ಕಾಲದವರು. ಐದನೆಯ ದರ್ಜೆಯೆಂದರೆ ಎಳೆಯ ಮರಗಳು ತೂಗುತ್ತವೆ. ಆರೆಂದರೆ ಕೊಡೆ ಹಿಡಿಯುವುದು ಕಷ್ಟ. ಸೊನ್ನೆಯೆಂದರೆ ಹೊಗೆ ನೆಟ್ಟಗೆ ಮೇಲೇಳುತ್ತದೆ. ಕಂಪನಿ ಕೊಟ್ಟ ನನ್ನ ಕೋಣೆಯದು ಸೊನ್ನೆ. ರಜೆಯ ದಿನ ಹಚ್ಚಿದ ಊದುಬತ್ತಿಯ ಹೊಗೆಯನ್ನು ಅಲುಗಿಸುವಷ್ಟು ಓಡಾಟವೂ ಅಲ್ಲಿರುವುದಿಲ್ಲ.

ಅಂಥದೇ ಒಂದು ರಜೆಯಲ್ಲಿ 'ಗಾಳಿ ಶಾಂತ' ಎಂದು ಫೋನಿನಲ್ಲಿ ನೋಡಿ, ಬಟ್ಟೆ ಒಗೆದು ಬಾಲ್ಕನಿಯಲ್ಲಿ ಹರವಿ ಮಲಗಿದೆ. ಏಳುವಷ್ಟರಲ್ಲಿ ಶಮಾಲ್ ಎಂಬ ಇಲ್ಲಿಯ ದೂಳುಗಾಳಿ ಬಿಳಿ ಅಂಗಿಗಳನ್ನೆಲ್ಲ ಖಾಕಿ ಮಾಡಿತ್ತು. ಶಾಂತವಾಗಿದ್ದದ್ದು ಅಕ್ಕನ ಊರು. ಪಕ್ಕದ ಕೋಣೆಯ ಭಟ್ಕಳದ ಇಸ್ಮಾಯಿಲ್ ಭಾಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಲ್ಲಾ, ನಡಿ, ಇನ್ನು ಬಟ್ಟೆ ಸಹ ಇಂಗ್ಲೆಂಡಿಗೇ ಕಳಿಸು, ಅಲ್ಲೇ ಒಣಗ್ಲಿ!"

ಮೊನ್ನೆ ಒಂದು ಸಂಜೆ ಅಕ್ಕ ಬಸ್ಸಿನಿಂದ ಕೇಳಿದಳು: "ಬ್ಯಾಟರಿ ಸೈಕಲ್ ತಗೊಳ್ಳುದಾ ಅಂತ. ಎದುರು ಗಾಳಿಗೂ ಹೋಗ್ತದಂತೆ. ಇಲ್ಲಿನ ಗಾಳಿ ನನಗಿಂತ ನಿಂಗೇ ಜಾಸ್ತಿ ಗೊತ್ತುಂಟಲ್ಲ, ನೀನೇ ಹೇಳು."

ಬೇಡ ಎನ್ನಲು ನನ್ನ ಬಳಿ ಬೇಕಾದಷ್ಟು ಅಂಕಿಗಳಿದ್ದವು. ಆದರೆ ಚಳಿಯಲ್ಲಿ ಬಸ್ಸಿಗೆ ಕಾದೂ ಕಾದೂ ಅವಳ ಮೂಗು ಕಟ್ಟಿತ್ತು, ಮಾತಿನಲ್ಲೇ ಗೊತ್ತಾಗುತ್ತಿತ್ತು.

"ತಗೋ ಅಕ್ಕ. ಮುಂದೆ ಇನ್ನೂ ಜೋರುಂಟು" ಎಂದೆ.

ಜೋರೇ ಬಂತು. ಅವಳು ಹೊಸ ಸೈಕಲ್ ತಂದ ವಾರದಲ್ಲೇ ಮೂವತ್ತು ಮೈಲಿಯ ಗಾಳಿ. ನಾನು ಅಭ್ಯಾಸಬಲದಿಂದ ಫೋನನ್ನು ಮೇಜಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡೆ. ಅವಳು ಮನೆ ಸೇರುವ ಹೊತ್ತು ಬಂತು, ದಾಟಿತು. ಸುಖವಾಗಿ ತಲುಪಿರಬೇಕು. ಸಂತೋಷಪಡಬೇಕಾದ ವಿಷಯ, ಪಡಲು ಸ್ವಲ್ಪ ಪ್ರಯತ್ನವನ್ನೂ ಮಾಡಿದೆ. ಆಮೇಲೆ ತಡೆಯದೆ ನಾನೇ ಕರೆ ಮಾಡಿದೆ.

ಎತ್ತಿದ್ದು ಅಕ್ಕನ ಮಗಳು. "ಮಮ್, ಇಟ್ಸ್ ಮಾಮ!"

ಅಕ್ಕ ಓಡಿ ಬಂದಿರಬೇಕು, ಏದುಸಿರು ಕೇಳಿಸಿತು. "ಎಂತಾಯ್ತಾ? ಹುಷಾರಿದ್ದೀಯಲ್ಲ? ಎಂತ ವಿಷಯ?"

"ವಿಷಯ ಎಂತ ಇಲ್ಲ ಅಕ್ಕ."

ಆ ಕಡೆ ಪಾತ್ರೆ ಒಲೆಯ ಮೇಲಿಟ್ಟ ಸದ್ದು.

"ಹಾಗಾದ್ರೆ ಇಡಬೇಡ, ಇರು" ಎಂದಳು. "ಒಗ್ಗರಣೆ ಹಾಕಿ ಬರ್ತೇನೆ."

ಫೋನನ್ನು ಯಾವುದೋ ಡಬ್ಬಿಗೆ ಒರಗಿಸಿಟ್ಟ ಸದ್ದು, ಸಾಸಿವೆ ಸಿಡಿದ ಸದ್ದು. ನಾನು ಕಾದೆ. ವಿಷಯ ಇದ್ದಿದ್ದರೆ ಎರಡು ನಿಮಿಷದಲ್ಲಿ ಮುಗಿದುಹೋಗುತ್ತಿತ್ತು.