ಧೂಳಿನ ಕೆಮ್ಮು

ಗಣಿ ಲಾರಿಗಳು ಸಂಡೂರಿನ ರಸ್ತೆಯನ್ನೇ ನುಂಗಿಹಾಕಿದ್ದ ಆ ವರ್ಷಗಳಲ್ಲಿ ನಮ್ಮ ಓಣಿಯಲ್ಲಿ ಯಾರು ಕೆಮ್ಮಿದರೂ ಅದು ಧೂಳಿನ ಕೆಮ್ಮೇ. ಒಗೆದು ಹಾಕಿದ ಬಟ್ಟೆ ಕೆಂಪು, ಮೂಗು ಒರೆಸಿದ ಸೆರಗು ಕೆಂಪು; ಇನ್ನೇನು ಅನುಮಾನ? ಧೂಳಿನ ಕೆಮ್ಮು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲವಲ್ಲ! ನಮ್ಮತ್ತೆ ಕೆಮ್ಮುತ್ತಲೇ ನನ್ನ ಮಗಳನ್ನು ಎತ್ತಿ ಮುದ್ದಾಡಿದರು. ಕೂಸು ಆಗಿನ್ನೂ ಬೋರಲು ಬೀಳಲು ಕಲಿಯುತ್ತಿತ್ತು. ನಾನು ಲಾರಿಯವರಿಗೆ ಹಿಡಿಶಾಪ ಹಾಕುತ್ತ ಕೂತಿದ್ದೆ.

ಕೂಸಿನ ಮೂಗು ಕಟ್ಟಿ ಮೈ ಸುಡತೊಡಗಿದಾಗ ನನ್ನ ಜೀವ ಬಾಯಿಗೆ ಬಂತು. ಅತ್ತೆ ಲೋಬಾನದ ಹೊಗೆ ಹಾಕಲು ಕೆಂಡ ತಂದರು. ಹೊಗೆಯೂ ಬೇಡ, ಏನೂ ಬೇಡ ಎಂದು ಅವರನ್ನೂ ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ.

"ಧೂಳಿಗೆ ಹಿಂಗ ಜ್ವರ ಬರಂಗಿಲ್ಲವ್ವಾ, ಇದು ವೈರಸ್ಸು. ಮನ್ಯಾಗ ಯಾರಿಗೆ ನೆಗಡಿ ಐತಿ?" ಎಂದು ಡಾಕ್ಟರಮ್ಮ ಕೇಳಿದರು.

ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಜಲ್ದಿ ಒಂದು ಇಂಜೆಕ್ಷನ್ ಹಾಕ್ರಿ," ಎಂದೆ ನಾನು.

"ಇಂಜೆಕ್ಷನ್ ಬ್ಯಾಡವ್ವಾ, ಕೂಸಿನ ಮೈಯೇ ಇದರ ಜೋಡಿ ಬಡಿದಾಡಾಕತ್ತೈತಿ. ಈ ವೈರಸ್ಸನ್ನ ಅದು ಹಿಂದ ಕಂಡಿಲ್ಲ. ಆದ್ರೂ ಹುಟ್ಟುತ್ಲೇ ತಂದ ಕಾವಲು ಇರತೈತಿ, ಯಾವ ರೋಗ ಒಳಗ ಬಂದ್ರೂ ನೀ ಯಾರು ಅಂತ ಕೇಳದ ಅದರ ಮೈಮ್ಯಾಲ ಬೀಳತೈತಿ. ಜ್ವರ, ಸಿಂಬಳ ಎಲ್ಲಾ ಅದರದ ಕೆಲಸ. ಉಸಿರಿನ ಕೊಳವ್ಯಾಗ ಕೂದಲಿನಂಥ ಸಣ್ಣ ಕಸಬರಿಗಿ ಅದಾವ, ಸಿಂಬಳಾನ ಹೊರಗ ದಬ್ಬತಾವ. ಹೊಗಿ ಹಾಕಿ ಅವನ್ನ ಕೆಡಿಸಬ್ಯಾಡ್ರಿ. ಮೂಗಿಗೆ ಈ ಉಪ್ಪುನೀರಿನ ಹನಿ ಹಾಕ್ರಿ. ಆದ್ರ ಉಸಿರು ಎಳದಾಗ ಎದಿ ಒಳಗ ಜಗ್ಗಿದ್ರ, ಹಾಲು ಕುಡಿಯೋದು ಬಿಟ್ರ, ತಡ ಮಾಡದ ಬಳ್ಳಾರಿ ದೊಡ್ಡಾಸ್ಪತ್ರಿಗೆ ಒಯ್ರಿ."

ಮನೆಗೆ ಬಂದವರೇ ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. "ನಾ ಒಳಗ ಬರಂಗಿಲ್ಲವ್ವಾ. ನನ್ನ ಉಸಿರು ಕೂಸಿಗೆ ಬ್ಯಾಡ." ಬೈಗುಳ ನನ್ನ ಬಾಯಿತನಕ ಬಂದಿತ್ತು, ಆ ಮುಖ ನೋಡಿ ನುಂಗಿಕೊಂಡು ಒಂದು ಚಾಪೆ ತಂದುಕೊಟ್ಟೆ.

ಮರುದಿನ ಮಧ್ಯಾಹ್ನ ಕೂಸು ಎದೆಗೆ ಬಾಯಿ ಹಚ್ಚಿ, ಉಸಿರು ಸಾಲದೆ ಬಿಟ್ಟು, ಚೀರಿತು. ಮತ್ತೆ ಹಚ್ಚಿದೆ, ಮತ್ತೆ ಬಿಟ್ಟಿತು. ಬಳ್ಳಾರಿಗೆ ಹೊರಡಲೇಬೇಕು ಎಂದುಕೊಂಡು ಕೂಸನ್ನು ಬಟ್ಟೆಯಲ್ಲಿ ಸುತ್ತತೊಡಗಿದೆ.

"ಮೊದಲು ಹನಿ ಹಾಕವ್ವಾ," ಅತ್ತೆ ಕಟ್ಟೆಯಿಂದಲೇ ಕೂಗಿದರು. "ಹೆದರಬ್ಯಾಡ. ತಲಿ ಎತ್ತರಕ್ಕ ಹಿಡಿ."

ಹನಿ ಹಾಕಿದೆ. ಪುಟ್ಟ ಸೀನೊಂದು ಬಂತು, ಅದರ ಹಿಂದೆಯೇ ರಾಶಿ ಸಿಂಬಳ. ಅಬ್ಬಾ, ಸಿಂಬಳ ಕಂಡು ಇಷ್ಟು ಸಂತೋಷಪಟ್ಟ ತಾಯಿ ನಾನೊಬ್ಬಳೇ ಇರಬೇಕು! ಕೂಸು ಎದೆಗೆ ಬಾಯಿ ಹಚ್ಚಿತು. ಈ ಸಲ ಬಿಡಲಿಲ್ಲ.

ಒಳಗೆ ಅಳು ನಿಂತದ್ದಕ್ಕೆ ಅತ್ತೆ ಗಾಬರಿಯಾದರು. "ಯಾಕವ್ವಾ, ಕೂಸಿನ ಸಪ್ಪಳ ಇಲ್ಲಲ್ಲ? ಏನಾತು?"

"ಕುಡಿಯಾಕತ್ತೈತ್ರಿ, ಅತ್ತಿ."

ಅತ್ತೆ ಗೊಳೋ ಎಂದು ಅತ್ತರು. ಒಳಗೆ ಬರ್ರಿ, ನೋಡ್ರಿ ಎಂದು ಎಷ್ಟು ಕರೆದರೂ ಹೊಸ್ತಿಲು ಮಾತ್ರ ದಾಟಲಿಲ್ಲ.