ಮಂಗಳವಾರದ ಗಂಟು

ದೇಹ ನಶ್ವರ, ಅದರ ಚಿಂತೆ ಬಿಡಬೇಕು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದವರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ ಇದ್ದಿರಲಾರಳು ಎಂಬುದು ನನ್ನ ಅನುಮಾನ.

ಭಕ್ತಬಂಧುಗಳೇ, ನಾನು ಮೂವತ್ತು ವರ್ಷ ಬಸ್ಸುಗಳನ್ನು ತಡೆದು ಟಿಕೆಟ್ ತಪಾಸಣೆ ಮಾಡಿದವನು. ಅನುಮಾನವೇ ನನಗೆ ಅನ್ನ ಹಾಕಿದ್ದು. ನಿವೃತ್ತನಾಗಿ ಪೂರಿಗಾಲಿ ಪಕ್ಕದ ನಮ್ಮ ಹಳ್ಳಿಗೆ ಬಂದಾಗ ಅದೂ ನನ್ನ ಜೊತೆಯಲ್ಲೇ ಇಳಿಯಿತು.

ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿ ಜಯಮ್ಮನ ಎಡಗಾಲಿನ ಕಾಲುಂಗುರದ ಬೆರಳಿಗೆ ಗಾಯವಾಯಿತು. ಮಾಯಲಿಲ್ಲ. ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮದ್ದೂರಿಗೆ ಒಂದು, ಮತ್ತೊಂದು ಹತ್ತಿ ಮಂಡ್ಯದ ದೊಡ್ಡ ಡಾಕ್ಟರ ಹತ್ತಿರ ಹೋದೆವು. "ಮೂರು ತಿಂಗಳು ನೋಡೋಣ. ಮಾಯದಿದ್ರೆ ಬೆರಳು ತೆಗೀಬೇಕಾಗುತ್ತೆ" ಎಂದರು. ವಾಪಸು ಬರುವಾಗ ಜಯಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮದ್ದೂರು ದಾಟಿದ ಮೇಲೆ, "ಬೆರಳೇ ಓದ್ರೆ ಕಾಲುಂಗ್ರ ಎಲ್ಲಿಗ್ ಆಕ್ಕಳ್ಳಿ?" ಎಂದಳು.

ಸೋಮವಾರ, ಬುಧವಾರ, ಶುಕ್ರವಾರ ಆರೋಗ್ಯ ಉಪಕೇಂದ್ರದ ಸಿಸ್ಟರ್ ಭಾಗ್ಯಮ್ಮ ಮನೆಗೇ ಬಂದು ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದರು. ಆಷಾಢದಲ್ಲಿ ಅವರ ಹಿಂದೆ ಮಂಡ್ಯದ ನರ್ಸಿಂಗ್ ಕಾಲೇಜಿನ ಸುನೀತಾ ಮೇಡಂ, ಮೇಡಂ ಹಿಂದೆ ನಾಲ್ವರು ವಿದ್ಯಾರ್ಥಿನಿಯರು ಬರತೊಡಗಿದರು. ಕಾಲೇಜಿಗೂ ಆರೋಗ್ಯ ಕೇಂದ್ರಕ್ಕೂ ಒಪ್ಪಂದವಂತೆ: ಮನೆಮನೆ ಕೆಲಸವನ್ನು ಸಿಸ್ಟರ್ ಕಲಿಸುವುದು, ನೋಡಿದ್ದನ್ನು ಬರೆದಿಡುವುದನ್ನು ಮೇಡಂ ಕಲಿಸುವುದು. ನಾನು ನಂಬಲಿಲ್ಲ. ದುಡಿಯುವವರ ಹಿಂದೆ ಓದಿದವರು ಪುಸ್ತಕ ಹಿಡಿದು ಬಂದರೆ ಅದು ತಪಾಸಣೆ. ಆ ಕಸುಬು ನನಗೆ ಗೊತ್ತು. ಸಿಸ್ಟರ ಕೈಯಲ್ಲೇ ಏನೋ ಲೋಪವಿದೆ ಎಂದು ತೀರ್ಮಾನಿಸಿದೆ. ಗಾಯಕ್ಕೆ ಸ್ಕೇಲು ಹಿಡಿದು ಅಳತೆ ಬರೆಯುವ ಮೇಡಂ ಮೇಲೂ ಒಂದು ಕಣ್ಣಿಟ್ಟೆ.

ಆ ವಾರದ ಮಂಗಳವಾರ ಎಂದಿನಂತೆ ಜಯಮ್ಮನೊಂದಿಗೆ ಗುಡಿಗೆ ಹೋಗಿ ನಮ್ಮೂರ ದೇವತೆ ಪಟ್ಟಲದಮ್ಮನ ಮುಂದೆ ಕೈಮುಗಿದೆ. "ತಾಯಿ, ಬೆರಳು ಉಳಿಸು. ತಪ್ಪು ಯಾರ್ದು ಅಂತ ತೋರ್ಸು, ಮಿಕ್ಕಿದ್ದು ನಾನ್ ನೋಡ್ಕತೀನಿ."

ಅದಾಗಿ ಮೂರನೆಯ ಬುಧವಾರ ಮೇಡಂ ಪುಸ್ತಕ ಬಿಚ್ಚಿದರು. "ಸಿಸ್ಟರ್, ಸೋಮವಾರ ಗಾಯ ಚೆನ್ನಾಗಿರುತ್ತೆ. ಬುಧವಾರ ಒದ್ದೆ, ಕೆಂಪು. ಪ್ರತಿ ವಾರವೂ ಹೀಗೇ ಇದೆ."

ಸಿಸ್ಟರ್ ಬಗ್ಗಿ ಕಾಲು ನೋಡಿದರು. "ಈ ಗಂಟು ನನ್ದಲ್ಲ ಮೇಡಂ. ನಾನು ಕಟ್ಟೋದು ಪಾದದ್ ಮೇಲೆ, ಇದು ಅಂಗಾಲ್ಗೆ ಬಂದದೆ. ಓದ್ವಾರನೂ ಇಂಗೇ ಇತ್ತು, ಸಡ್ಲ ಆಗಿ ಇವ್ರೇ ಕಟ್ಕಂಡವ್ರೆ ಅನ್ಕಂಡೆ. ಯಾರ್ ಬಿಚ್ಚುದ್ರು ಜಯಕ್ಕ?"

"ನನ್ನ್ಯಾಕ್ ಕೇಳೀರಿ? ಅಗೋ, ಅಲ್ಲಿ ಕುಂತವ್ರಲ್ಲ, ಅವ್ರನ್ನ ಕೇಳಿ."

ಅಲ್ಲಿ ಕುಳಿತಿದ್ದವನು ನಾನು.

ಕಾಲಿಗೆ ಕೀವು ತಾಗಿದ ಬಟ್ಟೆ ಕಟ್ಟಿಕೊಂಡು ಗುಡಿಗೆ ಹೋದರೆ ಮೈಲಿಗೆ. ಆದ್ದರಿಂದ ಪ್ರತಿ ಮಂಗಳವಾರ ಬೆಳಿಗ್ಗೆ ನಾನೇ ಬಿಚ್ಚುತ್ತಿದ್ದೆ. ಜಯಮ್ಮ ತಲೆಗೆ ಸ್ನಾನ ಮಾಡಿ, ಬರಿಗಾಲಲ್ಲಿ ಗುಡಿಗೆ ಮೂರು ಸುತ್ತು ಬರುತ್ತಿದ್ದಳು, ಗಾಯ ಮಾಯಲೆಂದು! ಮನೆಗೆ ಬಂದು ಅದೇ ಬಟ್ಟೆಯನ್ನು ನಾನೇ ಕಟ್ಟುತ್ತಿದ್ದೆ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಇನ್ಮೇಲೆ ದೇವಸ್ಥಾನಕ್ಕೆ ಹೋಗೋದು ನಿಲ್ಲಿಸಿ" ಎಂದು ಮೇಡಂ ಶುರುಮಾಡಿದರು.

"ಬುಡಿ ಮೇಡಂ, ಅಂಗಂದ್ರೆ ಕದ್ದು ಓಯ್ತಾರೆ" ಎಂದು ಸಿಸ್ಟರ್ ನನ್ನತ್ತ ತಿರುಗಿದರು. "ಅಣ್ಣ, ನಿಮ್ ಕಾಲು ಗಟ್ಟಿಯಾಗವೆ. ಅಕ್ಕನ್ ಸುತ್ತು ನೀವ್ ಸುತ್ತಿ, ತೀರ್ಥ ಮನೇಗ್ ತನ್ನಿ. ಅಮ್ಮ ಬ್ಯಾಡ ಅಂದಾಳಾ?"

ಮೇಡಂ ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದು, ಮನೆಯಲ್ಲಿ ಹರಕೆ, ಮಡಿ ಏನೇನಿದೆ ಎಂದು ಮೊದಲೇ ಕೇಳಬೇಕೆಂದು ಹುಡುಗಿಯರಿಗೆ ಬರೆಸಿದರು. ಮುಂದಿನ ಸಲ ಸಿಸ್ಟರ ಚೀಲದಲ್ಲೂ ಒಂದು ಸ್ಕೇಲು ಇತ್ತು.

ತಾಯಿಯ ಕೃಪೆಯನ್ನು ನಾನು ಇನ್ನು ಅನುಮಾನಿಸುವುದಿಲ್ಲ. ಒಬ್ಬರಿಂದ ದಿನ ಹಿಡಿಸಿದಳು, ಇನ್ನೊಬ್ಬರಿಂದ ಗಂಟು ಹಿಡಿಸಿದಳು. ತಪ್ಪಿತಸ್ಥನನ್ನು ಇಷ್ಟು ಹತ್ತಿರದಲ್ಲೇ ತೋರಿಸುವಳೆಂದು ಮಾತ್ರ ನಾನು ಎಣಿಸಿರಲಿಲ್ಲ. ಈಗ ಮಂಗಳವಾರ ಜಯಮ್ಮನ ಪಾಲಿಗೆ ಮೂರು, ನನ್ನ ತಪ್ಪಿಗೆ ಮೂರು ಸುತ್ತು. "ಆರೂ ಸುತ್ತುದ್ರೋ, ಇಲ್ಲ ಅಲ್ಲೂ ಕಳ್ಳಾಟ್ವೋ?" ಎಂದು ಅವಳು ಬಾಗಿಲಲ್ಲೇ ತಡೆದು ಕೇಳುತ್ತಾಳೆ.

ಭಾದ್ರಪದದಲ್ಲಿ ಗಾಯ ಮುಚ್ಚಿತು. ಬೆರಳು ತೆಗೆಯಲಿಲ್ಲ.