ಆರನೇ ಗಂಟಿನ ಕಾವಲುಗಾರ್ತಿ

ಬೆಳಗಿನ ಐದೂಕಾಲು. ಮಳೆ ಹಿಡಿದು ಮೂರು ದಿನ ಆಯಿತು, ಬಿಡುವ ಲಕ್ಷಣವಿಲ್ಲ. ಮುಂಬೈ ಹತ್ತಿರದ ಕಲ್ಯಾಣ ಮತ್ತು ಡೊಂಬಿವಲಿಯ ನಡುವೆ ಉಲ್ಹಾಸ ನದಿಯ ದಂಡೆಗೆ ಅಂಟಿಕೊಂಡು ಕೂತ ಕೋಳಂಬಿವಾಡಿಯಲ್ಲಿ ಒಂದೇ ಒಂದು ಮನೆಯ ದೀಪ ಉರಿಯುತ್ತಿದೆ. ಆ ಮನೆಯ ಮೋಹಿನಿ, ವಯಸ್ಸು ಐವತ್ತೇಳು, ನೈಟಿಯ ಮೇಲೆ ಬೈರಾಸು ಹೊದ್ದು, ತಲೆಗೊಂದು ಪ್ಲಾಸ್ಟಿಕ್ ಚೀಲ ಸಿಕ್ಕಿಸಿಕೊಂಡು ದೋಣಿಗೆ ಕಾಲಿಡುತ್ತಾರೆ. ದೋಣಿಗೆ ಕಟ್ಟಿದ ಉದ್ದನೆಯ ಹಗ್ಗದ ಇನ್ನೊಂದು ತುದಿಯನ್ನು ದಂಡೆಯ ಅರಳಿಮರಕ್ಕೆ ಬಿಗಿದಿದ್ದಾರೆ. ಮಳೆಗಾಲದಲ್ಲಿ ಆ ಹಗ್ಗ ಬಿಟ್ಟಷ್ಟು ದೂರ ಮಾತ್ರ ಅವರು ಹೋಗುವುದು.

ಹತ್ತು ಹನ್ನೆರಡು ಸಲ ಹುಟ್ಟು ಹಾಕಿದರೆ ಸೆಳೆತದ ಅಂಚು. ಅಲ್ಲಿ ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಹಿಡಿದು ನಿಲ್ಲುತ್ತಾರೆ. ಸೆಳೆತದ ಬಿರುಸಿಗೆ ಅದು ಕೈಯಲ್ಲಿ ಗಡಗಡ ನಡುಗುತ್ತದೆ. ಆಮೇಲೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಥೂ ಎಂದು ಉಗುಳುತ್ತಾರೆ. ಅಯ್ಯೋ, ಊರೂರಿನ ಗಟಾರ ಹೊತ್ತು ಬರುವ ನೀರು ಅದು! ಗಂಡ ಯಶ್ವಂತ್ ಈ ಒಂದು ವಿಷಯಕ್ಕೆ ಹೆಂಡತಿಗೆ ಬೈಯದ ದಿನವಿಲ್ಲ.

"ಉಪ್ಪೇ ಇಲ್ಲ," ಎನ್ನುತ್ತಾರೆ ಮೋಹಿನಿ, ಬಾಯಿ ಒರೆಸಿಕೊಂಡು. "ನಾಲ್ಕು ದಿನದ ಹಿಂದೆ ಸ್ವಲ್ಪ ಆದ್ರೂ ಇತ್ತು. ಮೇಲಿನಿಂದ ಮಳೆನೀರು ಜೋರು ಬಂದಿದೆ. ಇವತ್ತು ಅಮಾಸೆ ಬೇರೆ, ಮಧ್ಯಾಹ್ನ ಸಮುದ್ರದ ಭರತಿ ಹತ್ತಿ ಬರ್ತದೆ. ಎರಡೂ ಎದುರುಬದುರು ನಿಂತ್ರೆ ನೀರು ಎಲ್ಲಿಗೆ ಹೋಗುದು ಮಾರಾಯ್ರೆ? ನಮ್ಮ ಮನೆಗೇ ಬರುದು."

ಕೋಳಂಬಿವಾಡಿಯಲ್ಲಿ ಇರುವುದು ಅರವತ್ತಮೂರು ಮನೆ. ನದಿ ಉಕ್ಕುವ ದಿನ ಈ ಮನೆಗಳನ್ನು ಯಾವಾಗ ಖಾಲಿ ಮಾಡಬೇಕು, ಯಾವಾಗ ವಾಪಸ್ ಹೋಗಬಹುದು ಎಂದು ಹೇಳುವುದು ಮೋಹಿನಿಯ ಕೆಲಸ. ಯಾರೂ ನೇಮಿಸಿದ್ದಲ್ಲ, ಸಂಬಳವಂತೂ ಕೇಳಲೇಬೇಡಿ. ಎಚ್ಚರಿಕೆಯ ಮೆಸೇಜು ಎಲ್ಲರ ಮೊಬೈಲಿಗೂ ಬರುತ್ತದೆ. ಆದರೆ ಮಳೆಗಾಲವಿಡೀ ದಿನಕ್ಕೆರಡು ಬಂದರೆ ಓದುವವರು ಯಾರು? ಜನ ಬಾಗಿಲು ತೆರೆಯುವುದು ಮೋಹಿನಿ ತಟ್ಟಿದಾಗ.

ತೆರೆಯುತ್ತಿದ್ದರು ಎನ್ನಬೇಕು. ಹೋದ ವರ್ಷ ಅವರು ಎಲ್ಲರನ್ನೂ ಹೊರಡಿಸಿ ದಿಬ್ಬದ ಮೇಲಿನ ಶಾಲೆಯಲ್ಲಿ ಕೂರಿಸಿದರು, ನೀರು ಬರಲೇ ಇಲ್ಲ. ಕೂಲಿ ಹೋಯಿತು, ರಜೆ ಹೋಯಿತು. ಕೆಳಗಿನ ಸಾಲಿನ ಮೊದಲನೇ ಮನೆಯ ಸೋನಾಲಿ ದೊಡ್ಡ ಕಾಂಪ್ಲೆಕ್ಸೊಂದರಲ್ಲಿ ಮನೆಗೆಲಸ ಮಾಡುವವಳು. ಆ ಒಂದು ದಿನ ತಪ್ಪಿಸಿಕೊಂಡದ್ದಕ್ಕೆ ಅವಳ ನಾಲ್ಕು ಮನೆಗಳಲ್ಲಿ ಎರಡು ಕೈಬಿಟ್ಟವು. ಅಂದಿನಿಂದ ಅವಳು ಮೋಹಿನಿಯ ಮುಖ ನೋಡಿ ಮಾತಾಡಿಲ್ಲ. ಇವತ್ತು ಬಾಗಿಲು ತಟ್ಟಿದರೆ ಎಷ್ಟು ಜನ ಹೊರಗೆ ಬರುತ್ತಾರೋ ಎಂಬ ಹೆದರಿಕೆ ಮೋಹಿನಿಗೆ ನಿನ್ನೆಯಿಂದಲೇ ಇದೆ.

ಉಡುಪಿ ಪಕ್ಕದ ಉದ್ಯಾವರ ಹೊಳೆಯ ದಂಡೆಯವರು ಮೋಹಿನಿ. ಅಜ್ಜಿಯ ಜೊತೆ ಪುಟ್ಟ ದೋಣಿಯಲ್ಲಿ ಹೋಗಿ, ನೀರಿಳಿದ ಹೊತ್ತಿನಲ್ಲಿ ಮರಳು ಕೆದಕಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದವರು. ಮದುವೆಯಾಗಿ ಇಲ್ಲಿಗೆ ಬಂದಾಗ ಗಂಡ ಡೊಂಬಿವಲಿ ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಸಪ್ಲಯರ್, ಇವತ್ತಿಗೂ ಅದೇ. ನದಿಯಲ್ಲಿ ದೋಣಿ ನಡೆಸುತ್ತಿದ್ದ ಆಗ್ರಿ ಸಮಾಜದ ಮುದುಕರೊಬ್ಬರಿಗೆ ಕಣ್ಣು ಮಂಜಾದಾಗ, ಹುಟ್ಟು ಹಿಡಿಯಬಲ್ಲವರು ಯಾರೆಂದು ವಾಡಿಯಲ್ಲಿ ಹುಡುಕಾಟ ನಡೆಯಿತು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮೀನು ತೊಳೆಯುತ್ತಿದ್ದ ಮೋಹಿನಿ ಕೈ ಒರೆಸಿಕೊಂಡು ಎದ್ದರು. ಹದಿನೆಂಟು ವರ್ಷವಾಯಿತು.

ಚಳಿಗಾಲದಲ್ಲಿ ದಿನಕ್ಕೆ ಹದಿನಾಲ್ಕು ಸಲ ಆಚೆ ಈಚೆ, ಸಲಕ್ಕೆ ಎಂಟು ಜನ. ಆಚೆ ದಡದ ತೋಟಗಳಿಂದ ಮೆಂತ್ಯ, ಮೂಲಂಗಿ ಹೊತ್ತ ಹೆಂಗಸರು, ಇಟ್ಟಿಗೆ ಭಟ್ಟಿಯ ಕೆಲಸದವರು. ಒಂದು ಸಲ ದಾಟಲು ಒಂಬತ್ತು ನಿಮಿಷ. ಬೇಸಿಗೆ ಬಂದರೆ ಜಲಪರ್ಣಿಯ ಕಾಟ. ನೀರಿನ ಮೇಲೆ ತೇಲುವ ಆ ಹಸಿರು ಕಳೆ ನದಿಯನ್ನೇ ಮುಚ್ಚಿಬಿಡುತ್ತದೆ. ಹುಟ್ಟಿಗೆ ಸುತ್ತಿಕೊಳ್ಳುವ ಬೇರನ್ನು ಕತ್ತಿಯಲ್ಲಿ ಕೊಯ್ಯುತ್ತ ಸಾಗಿದರೆ ಒಂಬತ್ತು ನಿಮಿಷ ಅರ್ಧ ಗಂಟೆಯಾಗುತ್ತದೆ, ಸೊಳ್ಳೆಗಳಂತೂ ಮುಖಕ್ಕೇ ಮುತ್ತುತ್ತವೆ. ಮಳೆ ಹಿಡಿದ ಮೇಲೆ ದೋಣಿ ಬಂದ್. ಆಮೇಲಿನ ನಾಲ್ಕು ತಿಂಗಳು ಈ ಕಾವಲು.

ದಂಡೆಯಲ್ಲಿ ನೆಟ್ಟ ಬಿದಿರಿನ ಗಳಕ್ಕೆ ಅವರು ಏಳು ಕೆಂಪು ಬಟ್ಟೆ ಕಟ್ಟಿದ್ದಾರೆ, ಗೇಣಿಗೊಂದು ಗಂಟು. ಆರನೇ ಗಂಟು ಸೋನಾಲಿಯ ಹೊಸ್ತಿಲಿನ ಮಟ್ಟ, ಏಳನೆಯದು ಮೇಲಿನ ಸಾಲಿನದು. ಬೆಳಿಗ್ಗೆ ಏಳಕ್ಕೆ, ನದಿ ಇಳಿದಿರಬೇಕಾದ ಹೊತ್ತಿನಲ್ಲಿ, ನೀರು ಮೂರನೇ ಗಂಟು ಮುಟ್ಟಿ ನಿಂತಿದೆ.

ಮಗಳು ಮಾನಸಿ ವಾಶಿಯ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಮೊಬೈಲು ತೋರಿಸುತ್ತಾಳೆ. "ಅಮ್ಮಾ, ಸಾಡೇ ಬಾರಾ ಹೈ ಹೈಟೈಡ್. ದೇಖೋ, ಆ್ಯಪ್ ಮೇ ಲಿಖಾ ಹೈ."

"ಹನ್ನೆರಡೂವರೆ ಅಂದ್ರೆ ಮುಂಬೈ ಕಡಲಿನ ಲೆಕ್ಕ ಮಗಾ," ಎನ್ನುತ್ತಾರೆ ಮೋಹಿನಿ. "ನಮ್ಮಲ್ಲಿಗೆ ಬರುವಾಗ ಎರಡೂಕಾಲು."

ಈ ಒಂದೂಮುಕ್ಕಾಲು ಗಂಟೆಯ ವ್ಯತ್ಯಾಸವನ್ನು ಅವರಿಗೆ ಯಾರೂ ಕಲಿಸಲಿಲ್ಲ. ಕಲಿತದ್ದು ವಾಡಿಯ ಗುರಮ್ಮ ಎಂಬ ಹೆಂಗಸಿನ ಕಾಲು ಮುರಿದ ಮೇಲೆ. ದೋಣಿ ಹಿಡಿದ ಎರಡನೇ ಮಳೆಗಾಲ ಅದು, ಹೀಗೇ ಒಂದು ಅಮಾವಾಸ್ಯೆ. ವಾಡಿಗೆ ನೀರು ಬರುತ್ತಿತ್ತು, ಎಲ್ಲರೂ ಶಾಲೆಯಲ್ಲಿದ್ದರು. ಹನ್ನೆರಡು ಗಂಟೆಗೆ ಮಳೆ ನಿಂತಿತು. ಮೋಹಿನಿ ಊರಿನ ಲೆಕ್ಕ ಹಾಕಿದರು.

"ನಮ್ಮೂರಲ್ಲಿ ಅಮಾಸೆಗೆ ಹನ್ನೊಂದು, ಹನ್ನೊಂದೂವರೆಗೆ ಭರತಿ ತುಂಬ್ತದೆ. ಮತ್ತೆ ಇಳೀಲಿಕ್ಕೆ ಸುರು. ಅಜ್ಜಿ ಕಲಿಸಿದ್ದು, ಒಂದಿನ ಸುಳ್ಳಾಗಿಲ್ಲ. ನಾನು ಅದೇ ಧೈರ್ಯದಲ್ಲಿ ಹೇಳಿದೆ, ಇನ್ನು ಇಳೀತದೆ, ಒಳಗೆ ಹೋಗಿ ಅಂತ. ಅಲ್ಲಿ ಮನೆ ಎದುರೇ ಸಮುದ್ರ. ಇಲ್ಲಿ ನೀರು ವಸಾಯಿ ಕಡಲಿನಿಂದ ಸುತ್ತಿ ಸುತ್ತಿ ಬರ್ಬೇಕಲ್ಲ? ಅದು ನನ್ನ ತಲೆಗೇ ಹೋಗ್ಲಿಲ್ಲ."

ನೀರು ಇನ್ನೂ ಎರಡು ಗಂಟೆ ಏರಿತು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಗುರಮ್ಮ ಜೋಳದ ಚೀಲ ಎತ್ತಿಡಲು ಒಳಗೆ ಹೋಗಿದ್ದರು. ನೀರಿಗೆ ತೇಲಿದ ಕಬ್ಬಿಣದ ಕಪಾಟು ಮಗುಚಿ ಕಾಲ ಮೇಲೆ ಬಿತ್ತು. ಅವರನ್ನು ಅದೇ ದೋಣಿಯಲ್ಲಿ ಮಲಗಿಸಿಕೊಂಡು ರಸ್ತೆಗೆ ತಲುಪಿಸಿದವರು ಮೋಹಿನಿಯೇ. ಗುರಮ್ಮ ಈಗಲೂ ಎಡಗಾಲು ಎಳೆದುಕೊಂಡೇ ನಡೆಯುತ್ತಾರೆ. ಆ ಕಥೆ ಹೇಳುವಾಗ ಮೋಹಿನಿ ಎದುರಿಗಿದ್ದವರ ಕಣ್ಣು ತಪ್ಪಿಸುತ್ತಾರೆ.

ಹನ್ನೊಂದು ಗಂಟೆ. ನಾಲ್ಕನೇ ಗಂಟು ಮುಳುಗಿದೆ. ಮೋಹಿನಿ ಸ್ಟೀಲು ತಟ್ಟೆಗೆ ಸೌಟು ಬಡಿಯುತ್ತ ಓಣಿಗೆ ಇಳಿಯುತ್ತಾರೆ. ದಿನವಾದರೂ ಎಂಥದ್ದು ಸಿಕ್ಕಿತು ನೋಡಿ! ಅಮಾವಾಸ್ಯೆಯ ಗಟಾರಿ ನಿನ್ನೆಯೇ ಶುರು. ಶ್ರಾವಣ ಬಂದರೆ ಮಾಂಸ, ಮದ್ಯ ಬಂದ್ ಎಂದು ಜನ ಮೊದಲೇ ಹೊಟ್ಟೆ ತುಂಬ ತಿಂದು ಕುಡಿದು ಮುಗಿಸುವ ಹಬ್ಬ. ಅರ್ಧ ವಾಡಿಯ ಗಂಡಸರು ಇನ್ನೂ ಮಗ್ಗುಲು ಬದಲಿಸಿಲ್ಲ. ಕೆಲವರು ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಾರೆ. "ಮಾವ್ಶಿ ಫಿರ್ ಚಾಲೂ ಹೋ ಗಯೀ," ಚಿಕ್ಕಮ್ಮ ಮತ್ತೆ ಶುರುಮಾಡಿದಳು ಎಂದು ಯಾರೋ ನಗುವುದೂ ಕೇಳಿಸುತ್ತದೆ.

ಸೋನಾಲಿ ಕೊಡೆ ಹಿಡಿದು ಕೆಲಸಕ್ಕೆ ಹೊರಟು ನಿಂತಿದ್ದಾಳೆ. ಒಳಗೆ ಅವಳ ಅತ್ತೆ, ನಾಲ್ಕು ವರ್ಷದ ಮಗಳು ಅಶ್ಮಿತಾ.

"ಪಿಛಲೇ ಸಾಲ್ ಭೀ ಯಹೀ ಬೋಲಾ ಥಾ ನಾ ಆಪ್‌ನೇ?" ಹೋದ ವರ್ಷವೂ ಇದನ್ನೇ ಹೇಳಿದ್ದಿರಲ್ಲ ಎಂದು ಅವಳ ದನಿ ಏರುತ್ತದೆ. "ದೋ ಘರ್ ಗಯೇ ಮೇರೇ. ಬಾಕಿ ದೋ ಭೀ ಜಾಯೇಂಗೇ ತೋ ಆಪ್ ಖಿಲಾಯೇಂಗೀ?"

ಉಳಿದೆರಡು ಮನೆಯೂ ಹೋದರೆ ತಾನು ಸಾಕಲಾರೆ ಎಂಬುದು ಮೋಹಿನಿಗೂ ಗೊತ್ತು. "ನೀನು ಹೋಗು. ಅತ್ತೆ, ಮಗು ನನ್ನ ಜೊತೆ ಬರ್ಲಿ," ಎಂದು ಹಿಂದಿಯಲ್ಲಿ ಬೇಡಿಕೊಳ್ಳುತ್ತಾರೆ. ಸೋನಾಲಿ ಕೇಳಿಸದವಳಂತೆ ಬಾಗಿಲು ಎಳೆದುಕೊಳ್ಳುತ್ತಾಳೆ.

ಆಗ ಎದುರು ಮನೆಯಿಂದ ಗುರಮ್ಮ ಹೊರಬರುತ್ತಾರೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಗಂಟು. ಮಳೆಯಲ್ಲಿ ನೆನೆಯುತ್ತ, ಕಾಲೆಳೆಯುತ್ತ, ಶಾಲೆಯ ದಿಬ್ಬದ ಕಡೆ ಮೊದಲ ಹೆಜ್ಜೆ ಇಟ್ಟವರು ಅವರೇ. ಸೋನಾಲಿಗೆ ತಡೆಯಲಾಗುವುದಿಲ್ಲ. "ಆಜೀ, ಇವಳ ಮಾತು ಕೇಳಿಯೇ ನಿನ್ನ ಕಾಲು ಮುರಿದದ್ದು. ಇನ್ನೂ ನಂಬುತ್ತೀಯಾ?" ಎಂದು ಹಿಂದಿಯಲ್ಲಿ ಕೂಗುತ್ತಾಳೆ.

ಗುರಮ್ಮನ ಹಿಂದಿ ಎರಡು ಮಾತಿಗೇ ಕನ್ನಡಕ್ಕೆ ತಿರುಗುತ್ತದೆ, ಆದರೆ ವಾಡಿಯಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ. "ಹೌದು ತಂಗಿ, ಕಾಲ್ ಮುರಿದಾಕಿ ಆಕೀನೇ. ಅದಕ್ಕ ನಂಬತೀನಿ ನಾ. ಒಮ್ಮಿ ತಪ್ಪಿದಾಕಿ ಎರಡ ಸಲ ಎಣಸ್ತಾಳ. ನಿಮ್ಮ ಮೊಬೈಲ್ ಯಾವತ್ತರ ನನ್ನ ಕಾಲ್ ನೋಡಿ ಅತ್ತದ ಏನು? ನಡಿ, ಕೂಸನ್ನ ಎತ್ಗೋ."

ಸೋನಾಲಿ ಕೊಡೆ ಮಡಚುತ್ತಾಳೆ. ಆಮೇಲೆ ಒಳಗೆ ಹೋಗಿ ಅಶ್ಮಿತಾಳನ್ನು ಸೊಂಟಕ್ಕೆ ಏರಿಸಿಕೊಂಡು, ಅತ್ತೆಯ ಕೈ ಹಿಡಿದು ಬರುತ್ತಾಳೆ. ಕೆಲಸದ ಮನೆಗೆ ಫೋನು ಮಾಡಿ ಬರಲಾಗುವುದಿಲ್ಲ ಎನ್ನುವಾಗ ಅವಳ ಕಣ್ಣಲ್ಲಿ ನೀರು. ಕೆಳಗಿನ ಸಾಲಿನಲ್ಲಿ ಅತಿ ಹೆಚ್ಚು ಸಿಟ್ಟಾದವಳೇ ಹೊರಟದ್ದು ನೋಡಿ ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆಯುತ್ತವೆ. ಗಟಾರಿಯ ನಿದ್ದೆಯವರನ್ನು ಹೆಂಡಂದಿರು ಚೊಂಬಿನಲ್ಲಿ ನೀರು ಹೊಯ್ದು ಎಬ್ಬಿಸುತ್ತಾರೆ. ಹನ್ನೆರಡೂವರೆಗೆ ವಾಡಿ ಖಾಲಿ.

ಒಂದೂ ಐವತ್ತಕ್ಕೆ ಐದನೇ ಗಂಟು ಕಾಣುವುದಿಲ್ಲ. ಮೋಹಿನಿ ಓಣಿಯ ಬಾಯಿಗೆ ದೋಣಿ ಅಡ್ಡ ಕಟ್ಟಿ ಅದರಲ್ಲೇ ನಿಂತಿದ್ದಾರೆ. ಅವರ ಕಣ್ಣಿರುವುದು ನದಿಯ ನಡುವಿನ ಒಂದು ಜಲಪರ್ಣಿಯ ಗುಂಪಿನ ಮೇಲೆ. ಭರತಿಯಲ್ಲಿ ಅದು ಮೇಲ್ಮುಖವಾಗಿ ಹೋಗಬೇಕು, ಇಳಿತದಲ್ಲಿ ಕೆಳಗೆ. ಈಗ ಎರಡೂ ಇಲ್ಲ. ಇದ್ದಲ್ಲೇ ಗಿರಗಿರ ತಿರುಗುತ್ತಿದೆ. ಕಡಲೂ ನದಿಯೂ ಒಂದನ್ನೊಂದು ತಡೆದು ನಿಂತಿವೆ ಎಂದು ಅರ್ಥ.

ಎರಡೂ ಇಪ್ಪತ್ತಕ್ಕೆ ಮಳೆ ಥಟ್ಟನೆ ನಿಲ್ಲುತ್ತದೆ. ದಿಬ್ಬದಿಂದ ಹತ್ತಿಪ್ಪತ್ತು ಜನ ಇಳಿದು ಬರುತ್ತಾರೆ. ನೀರು ಏರುವುದು ಕಾಣುತ್ತಿಲ್ಲ, ಹೊಸ್ತಿಲಿಗೆ ಮುಟ್ಟಿಲ್ಲ, ಇನ್ನೇಕೆ ಕಾಯುವುದು ಎಂಬ ಗಲಾಟೆ. ಒಬ್ಬ ದೋಣಿಯ ಅಂಚಿಗೆ ಕಾಲಿಟ್ಟೂ ಆಯಿತು. ಮೋಹಿನಿ ಹುಟ್ಟನ್ನು ಅವನ ಎದೆಗೆ ಅಡ್ಡ ಹಿಡಿಯುತ್ತಾರೆ.

"ಒಬ್ರೂ ಬರ್ಬೇಡಿ! ಆ ಜಲಪರ್ಣಿ ತಿರುಗುದು ನಿಲ್ಲಿಸಿ ಕೆಳಗೆ ಹೋಗುದು ನಾನು ಕಣ್ಣಾರೆ ಕಾಣ್ಬೇಕು. ಅಷ್ಟರವರೆಗೆ ನನ್ನನ್ನು ಎಂತ ಬೇಕಾದ್ರೂ ಹೇಳಿ, ಬಿಡುದಿಲ್ಲ." ಅವರು ಕನ್ನಡದಲ್ಲೇ ಕಿರುಚುತ್ತಿದ್ದಾರೆ. ಗಾಬರಿಯಲ್ಲಿ ಹಿಂದಿ ಮರೆತೇಹೋಗಿದೆ. ಕಾಲಿಟ್ಟವನು ಗೊಣಗುತ್ತ ಹಿಂದೆ ಸರಿಯುತ್ತಾನೆ.

ಎರಡೂಕಾಲು ದಾಟಿದರೂ ಮೇಲಿನ ಮಳೆನೀರಿನಿಂದಾಗಿ ನದಿ ಇನ್ನೂ ಏರುತ್ತದೆ. ಒಂದು ಬೆರಳು, ಎರಡು ಬೆರಳು. ಸೋನಾಲಿಯ ಮನೆಯ ಮೆಟ್ಟಿಲು ಮುಳುಗುತ್ತದೆ. ಓಣಿಯಲ್ಲಿ ಒಂದು ಚಪ್ಪಲಿ ತೇಲಿ ಬಂದು ದೋಣಿಗೆ ಬಡಿಯುತ್ತದೆ. ಮೋಹಿನಿ ಒಮ್ಮೆ ಗಳ, ಒಮ್ಮೆ ನದಿ, ಮತ್ತೆ ಗಳ ನೋಡುತ್ತಾರೆ. ಆರನೇ ಗಂಟಿಗೆ ಇನ್ನು ನಾಲ್ಕು ಬೆರಳು ಬಾಕಿ ಇರುವಾಗ ನೀರು ನಿಂತೇಬಿಡುತ್ತದೆ. ಕಾಲು ಗಂಟೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮೂರೂ ಹತ್ತಕ್ಕೆ ಜಲಪರ್ಣಿಯ ಗುಂಪು ನಿಧಾನಕ್ಕೆ ತಿರುಗಿ, ಆಮೇಲೆ ಬಿರುಸಿನಲ್ಲಿ, ಕೆಳಮುಖವಾಗಿ ಹೊರಡುತ್ತದೆ. ಮೋಹಿನಿ ಅಡ್ಡ ಕಟ್ಟಿದ್ದ ದೋಣಿಯನ್ನು ಪಕ್ಕಕ್ಕೆ ಸರಿಸುತ್ತಾರೆ.

ಹೊಸ್ತಿಲು ದಾಟಿ ಒಂದು ಮನೆಗೂ ನೀರು ಬರಲಿಲ್ಲ. ಅಂದರೆ ಲೆಕ್ಕಕ್ಕೆ ಈ ಸಲವೂ ಸುಳ್ಳು ಎಚ್ಚರಿಕೆಯೇ. ಜನ ಪಾತ್ರೆ, ಹಾಸಿಗೆ ಹೊತ್ತು ದೋಣಿಯ ಪಕ್ಕದಲ್ಲೇ ಹಾದುಹೋಗುತ್ತ ಬಾಯಿಗೆ ಬಂದದ್ದು ಅನ್ನುತ್ತಾರೆ. ಕೂಲಿ ಹೋದವನು ಕೂಲಿಯ ಮಾತು, ನಿದ್ದೆ ಕೆಟ್ಟವನು ನಿದ್ದೆಯ ಮಾತು. ಸೋನಾಲಿ ನಿದ್ದೆ ಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಿರಬಿರನೆ ದಾಟುತ್ತಾಳೆ. ನಾಳೆ ಆ ಎರಡು ಮನೆ ಉಳಿದಿರುತ್ತವೋ ಇಲ್ಲವೋ ಅವಳಿಗಿನ್ನೂ ತಿಳಿದಿಲ್ಲ.

ಮೋಹಿನಿ ಬಾಯಲ್ಲೇ ಏನೋ ಎಣಿಸುತ್ತಿದ್ದಾರೆ. ಕೊನೆಯಲ್ಲಿ ಕೋಲೂರಿಕೊಂಡು ಬಂದ ಗುರಮ್ಮ ಓಣಿಯೊಳಗೆ ಹೋದ ಮೇಲೆ ಎಣಿಕೆ ನಿಲ್ಲುತ್ತದೆ. ಇಷ್ಟೊಂದು ಬೈಸಿಕೊಂಡು ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ, ಬೈರಾಸಿನ ತುದಿಯಲ್ಲಿ ಮುಖ ಒರೆಸಿಕೊಂಡು ಮೊದಲ ಸಲ ನಗುತ್ತಾರೆ.

"ಬೈಯ್ಲಿ ಮಾರಾಯ್ರೆ. ಇನ್ನೂರ ಹದಿನಾಲ್ಕು ಜನ. ಬೈಲಿಕ್ಕೆ ಎಲ್ರೂ ಇದ್ದಾರಲ್ಲ."